ರಸ್ಟ್ ಯೂಸರ್ಸ್ ಫೋರಂ: ತುಂಬಾ ದಿನ ಬಳಸಿದ ಮೇಲೆ ನನ್ನ ರಿವ್ಯೂ

ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿದವರು "ಯಾವ ಗ್ರೂಪ್ ಸೇರಲಿ?" ಅಂತ ಕೇಳಿದರೆ ನಾನು ಹೇಳುವುದು ಇದೊಂದೇ ಹೆಸರು. ಯೂಸರ್ಸ್ ಡಾಟ್ ರಸ್ಟ್-ಲ್ಯಾಂಗ್ ಡಾಟ್ ಆರ್ಗ್. ದುಡ್ಡು ಕೊಡಬೇಕಿಲ್ಲ, ಕೋರ್ಸ್ ಮಾರುವವರ ಕಾಟ ಇಲ್ಲ.

ಇದಕ್ಕೂ ಮೊದಲು ಯಾವುದೋ ಪೇಯ್ಡ್ ಕೋರ್ಸಿನ ಚಾಟ್ ಗ್ರೂಪಿನಲ್ಲಿದ್ದೆ. ಪ್ರಶ್ನೆ ಹಾಕಿ ಟೀ ಕುಡಿದು ಬರುವಷ್ಟರಲ್ಲಿ ಅದು ಗುಡ್ ಮಾರ್ನಿಂಗ್ ಮೆಸೇಜು, ಜಾಬ್ ಓಪನಿಂಗುಗಳ ನಡುವೆ ಎಲ್ಲೋ ಮೇಲೆ ಹೋಗಿಬಿಟ್ಟಿರುತ್ತಿತ್ತು. ಮರುವಾರ ಇನ್ಯಾರೋ ಅದನ್ನೇ ಕೇಳುತ್ತಿದ್ದರು. ಮತ್ತೆ ಮೊದಲಿಂದ ಶುರು. ಫೋರಂನಲ್ಲಿ ಹಳೇ ಚರ್ಚೆಗಳೆಲ್ಲ ಹುಡುಕಿದರೆ ಸಿಗುತ್ತವೆ, ನಾನಂತೂ ಕೇಳಿದ್ದಕ್ಕಿಂತ ಓದಿದ್ದೇ ಜಾಸ್ತಿ.

ಉತ್ತರಗಳ ಗುಣಮಟ್ಟಕ್ಕೆ ಒಂದು ಉದಾಹರಣೆ. ವೆಕ್ಟರಿನ (ಅಂದರೆ ಬೆಳೆಯಬಲ್ಲ ಪಟ್ಟಿಯ) ಮೊದಲ ಎಲಿಮೆಂಟಿಗೆ ರೆಫರೆನ್ಸ್ (ಅದು ಮೆಮೊರಿಯಲ್ಲಿ ಎಲ್ಲಿದೆ ಅಂತ ತೋರಿಸುವ ಗುರುತು) ತಗೊಂಡಿದ್ದೀರಿ, ಆಮೇಲೆ ಅದೇ ವೆಕ್ಟರಿನ ಕೊನೆಗೆ ಇನ್ನೊಂದು ಎಲಿಮೆಂಟ್ ಪುಶ್ ಮಾಡಿ, ಕೊನೆಗೆ ಆ ರೆಫರೆನ್ಸನ್ನು ಪ್ರಿಂಟ್ ಮಾಡಲು ಹೋಗುತ್ತೀರಿ ಅಂತಿಟ್ಟುಕೊಳ್ಳಿ. ಕೋಡನ್ನು ಪರೀಕ್ಷಿಸಿ ಪ್ರೋಗ್ರಾಂ ಆಗಿ ಬದಲಿಸುವ ಕಂಪೈಲರ್ ಇ0502 ಅಂತ ಎರರ್ ಕೊಟ್ಟು ಅಲ್ಲೇ ನಿಲ್ಲಿಸುತ್ತದೆ. ರಸ್ಟ್ ಕಲಿಯುವ ಎಲ್ಲರೂ ಒಮ್ಮೆ ಇಲ್ಲಿ ಸಿಕ್ಕಿಹಾಕಿಕೊಂಡೇ ಇರುತ್ತಾರೆ, ಅಲ್ವಾ? "ಸುಮ್ನೆ ಕ್ಲೋನ್ ಮಾಡಿ", ಅಂದರೆ ಡೇಟಾದ ಇನ್ನೊಂದು ಪ್ರತಿ ಮಾಡಿಕೊಳ್ಳಿ, ಅಂತ ಎಲ್ಲಿ ಕೇಳಿದರೂ ಹೇಳುತ್ತಾರೆ. ಇಲ್ಲಿ ಕಾರಣ ಬಿಡಿಸಿ ಹೇಳುತ್ತಾರೆ: ಪುಶ್ ಮಾಡುವಾಗ ಜಾಗ ಸಾಲದಿದ್ದರೆ ವೆಕ್ಟರಿನ ಡೇಟಾ ಪೂರ್ತಿ ಬೇರೆ ಮೆಮೊರಿಗೆ ಹೋಗಬಹುದು, ಆಗ ನಿಮ್ಮ ರೆಫರೆನ್ಸ್ ಖಾಲಿಯಾದ ಹಳೇ ಜಾಗವನ್ನೇ ತೋರಿಸುತ್ತಿರುತ್ತದೆ, ಅದಕ್ಕೇ ಕಂಪೈಲರ್ ಬಿಡುವುದಿಲ್ಲ. ಆಮೇಲೆ "ನೀವು ನಿಜಕ್ಕೂ ಮಾಡಲು ಹೊರಟಿರುವುದೇನು?" ಅಂತ ಕೇಳುತ್ತಾರೆ. ಬರೀ ನಂಬರ್ ಆದರೆ ಕಾಪಿ ಸಾಕು, ದೊಡ್ಡ ಸ್ಟ್ರಕ್ಟ್ (ಹಲವು ಮಾಹಿತಿ ಒಟ್ಟಿಗೆ ಇರುವ ಡೇಟಾ) ಆದರೆ ರೆಫರೆನ್ಸ್ ಬದಲು ಇಂಡೆಕ್ಸ್, ಅಂದರೆ ಪಟ್ಟಿಯಲ್ಲಿ ಅದರ ಸ್ಥಾನದ ಸಂಖ್ಯೆ ಇಟ್ಟುಕೊಳ್ಳಿ, ಹೀಗೆ.

ಕೇಳುವ ರೀತಿ ಮಾತ್ರ ಗೊತ್ತಿರಬೇಕು. ಸ್ಕ್ರೀನ್‌ಶಾಟ್ ಹಾಕಬೇಡಿ. ಕೋಡಿನ ಮೇಲೊಂದು ಕೆಳಗೊಂದು ಸಾಲಿನಲ್ಲಿ ಮೂರು ಬ್ಯಾಕ್‌ಟಿಕ್ (```) ಹಾಕಿ. ಎಡಿಟರ್ ತೋರಿಸುವ ತುಂಡು ಎರರ್ ಸಾಲದು, ಟರ್ಮಿನಲ್ಲಿನಲ್ಲಿ ಕಾರ್ಗೋ ಚೆಕ್ (ಕೋಡಿನಲ್ಲಿ ತಪ್ಪಿದೆಯಾ ಅಂತ ನೋಡುವ ಕಮಾಂಡ್) ಓಡಿಸಿ ಬಂದದ್ದನ್ನು ಪೂರ್ತಿ ಅಂಟಿಸಿ. ಬ್ರೌಸರಿನಲ್ಲೇ ಕೋಡ್ ಓಡಿಸಿ ನೋಡುವ ರಸ್ಟ್ ಪ್ಲೇಗ್ರೌಂಡಿನಲ್ಲಿ ಅದೇ ಎರರ್ ಬರುವ ಹಾಗೆ ಹತ್ತು ಸಾಲಿನ ಕೋಡ್ ಮಾಡಿ ಲಿಂಕ್ ಕೊಟ್ಟರಂತೂ ಉತ್ತರ ಬೇಗ ಬರುತ್ತದೆ. ಎಷ್ಟೋ ಸಲ ಆ ಹತ್ತು ಸಾಲು ಬರೆಯುವಾಗಲೇ ತಪ್ಪು ಕಣ್ಣಿಗೆ ಬಿದ್ದಿರುತ್ತದೆ, ಆಗ ಕೇಳುವುದೇ ಬೇಕಿಲ್ಲ.

ಎಲ್ಲರಿಗೂ ಹಿಡಿಸದ ವಿಷಯಗಳೂ ಇವೆ. ಎಲ್ಲ ಇಂಗ್ಲಿಷಿನಲ್ಲೇ. ಪ್ರಶ್ನೆಗೆ ಉತ್ತರ ಸಿಕ್ಕ ಮೇಲೂ ತಿಳಿದವರು ತಮ್ಮತಮ್ಮಲ್ಲೇ ಲೈಫ್‌ಟೈಮು, ವೇರಿಯನ್ಸು ಅಂತ ಭಾಷೆಯ ಆಳದ ವಿಷಯಗಳ ಚರ್ಚೆ ಮುಂದುವರಿಸುವುದುಂಟು, ಹೊಸಬರು ಅಷ್ಟು ದೂರ ಹೋಗಬೇಕಿಲ್ಲ, ಮೊದಲೆರಡು ಉತ್ತರ ಓದಿ ಎದ್ದುಬಿಡಿ. ಕೊನೆಯ ಉತ್ತರ ಬಂದು 90 ದಿನವಾದರೆ ಚರ್ಚೆ ತಾನಾಗೇ ಮುಚ್ಚಿಕೊಳ್ಳುತ್ತದೆ. ಓದಬಹುದು, ಬರೆಯುವ ಹಾಗಿಲ್ಲ. ನನಗೆ ಇದು ಒಳ್ಳೆಯದೇ ಅನಿಸಿದೆ. ಇಂಟರ್ನಲ್ಸ್ ಅಂತ ಇನ್ನೊಂದು ಫೋರಂ ಇದೆ, ಅದು ಭಾಷೆಯನ್ನೇ ಬೆಳೆಸುವವರಿಗೆ. ಕಲಿಯುವವರ ಪ್ರಶ್ನೆಗಳು ಅಲ್ಲಿಗಲ್ಲ.

ದಿನಾ ಅಭ್ಯಾಸ ಬೇಕೆಂದರೆ ಜೊತೆಗೆ ಎಕ್ಸರ್ಸಿಸಂ ಅನ್ನುವ ಕೋಡಿಂಗ್ ಅಭ್ಯಾಸದ ವೆಬ್‌ಸೈಟ್ ಇಟ್ಟುಕೊಳ್ಳಿ, ಅಲ್ಲಿ ನಿಮ್ಮ ಕೋಡ್ ನೋಡಿ ತಿದ್ದಿ ಹೇಳುವ ಮೆಂಟರುಗಳು ಬಿಟ್ಟಿಯಾಗಿ ಸಿಗುತ್ತಾರೆ. ಎದುರುಬದುರು ಕೂತು ಮಾತಾಡಬೇಕು ಅನ್ನುವವರಿಗೆ ಬೆಂಗಳೂರಿನಲ್ಲಿ ರಸ್ಟ್ ಮೀಟಪ್ಪುಗಳೂ ನಡೆಯುತ್ತವೆ.