ಬೋರ್ ಮೋಟರ್ ಎತ್ತುವ ಗಾಡಿಗೆ ಕಂಬ ಕೂಡಿಸಿದವರು ವಿಮಾ ಕಂಪನಿಗೆ ತಿಳಿಸಿದ್ದೀರಾ?

ವಿಜಯಪುರ ಜಿಲ್ಲೆಯಲ್ಲಿ ಕೊಳವೆಬಾವಿಯ ಮೋಟರ್ ಎತ್ತಿ ಇಳಿಸುವ ಕೆಲಸವನ್ನು ನಾನು 14 ವರ್ಷಗಳಿಂದ ಮಾಡುತ್ತಿದ್ದೇನೆ. ತಿಕೋಟಾ, ಬಬಲೇಶ್ವರ, ಇಂಡಿ ಕಡೆಯ ದ್ರಾಕ್ಷಿ ಮತ್ತು ನಿಂಬೆ ತೋಟಗಳ ರೈತರು ಮೋಟರ್ ಸುಟ್ಟಿದೆ ಎಂದು ಫೋನ್ ಮಾಡಿದರೆ ಅದೇ ದಿನ ಹೋಗಲೇಬೇಕು. ಬೇಸಿಗೆಯಲ್ಲಿ ಎರಡು ದಿನ ನೀರು ತಪ್ಪಿದರೂ ಅವರಿಗಾಗುವ ಹಾನಿ ಸಣ್ಣದಲ್ಲ. ಈ ಕೆಲಸಕ್ಕೆಂದೇ 2021ರಲ್ಲಿ ಒಂದು ಪಿಕಪ್ ಗಾಡಿಯನ್ನು ಸಾಲ ಮಾಡಿ ಕೊಂಡೆ. ತಿಂಗಳೊಳಗೆ ಅದರ ಹಿಂಭಾಗಕ್ಕೆ ಕಬ್ಬಿಣದ ಕಂಬ, ಪುಲ್ಲಿ, ಹಗ್ಗ ಸುತ್ತಿ ಭಾರ ಎಳೆಯುವ ವಿಂಚ್ ಮತ್ತು ಅದನ್ನು ನಡೆಸಲು ಸಣ್ಣ ಡೀಸೆಲ್ ಎಂಜಿನ್ ಕೂಡಿಸಿ, ಬಾವಿಯೊಳಗೆ ಮೋಟರಿಗೆ ಜೋಡಿಸುವ ಕಾಲಂ ಪೈಪು ಇಡಲು ಕ್ಯಾಬಿನ್ನಿನ ಮೇಲೆ ಚೌಕಟ್ಟನ್ನೂ ವೆಲ್ಡಿಂಗ್ ಮಾಡಿಸಿದೆ. ನಮ್ಮ ಭಾಗದಲ್ಲಿ ಈ ಕೆಲಸದ ಗಾಡಿಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಇವೆ. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ವಿಮೆ ಮಾಡಿಸುವಾಗ ನಾನು ಕಂಬದ ವಿಷಯವನ್ನು ಮುಚ್ಚಿಟ್ಟಿರಲಿಲ್ಲ. ಏಜೆಂಟರಿಗೆ ಬಾಯಿಮಾತಿನಲ್ಲಿ ಹೇಳಿದ್ದೆ. ಅವರು, "ಅದನ್ನೆಲ್ಲಾ ಬರಿಯೂದು ಬ್ಯಾಡ್ರಿ ಅಣ್ಣಾರ, ಸುಮ್ನ ಪ್ರೀಮಿಯಂ ಏರತೈತಿ," ಎಂದರು. ನಾನೂ ಒಪ್ಪಿ ಸುಮ್ಮನಾದೆ. ಮುಂದಿನ ವರ್ಷ ನವೀಕರಣವನ್ನು ಅಣ್ಣನ ಮಗ ಮೊಬೈಲಿನಲ್ಲಿಯೇ ಮಾಡಿದನು. ಅಲ್ಲಿ, ವಾಹನದಲ್ಲಿ ಯಾವುದಾದರೂ ಮಾರ್ಪಾಡು ಮಾಡಲಾಗಿದೆಯೇ ಎಂಬ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಹೋಗಿತ್ತು. ಆ ಪ್ರಶ್ನೆ ಇತ್ತೆಂಬುದು ನನಗೆ ತಿಳಿದದ್ದು ಕ್ಲೇಮ್ ತಿರಸ್ಕೃತವಾದ ಪತ್ರವನ್ನು ಓದಿದಾಗ.

ಅಪಘಾತವಾದದ್ದು ತೋಟದಿಂದ ಮರಳುವ ಸಂಜೆ. ಕಬ್ಬು ತುಂಬಿದ ಟ್ರ್ಯಾಕ್ಟರಿನ ಟ್ರೇಲರ್ ಒಂದು ಹಿಂದಿನ ದೀಪವಿಲ್ಲದೆ ರಸ್ತೆಯಲ್ಲಿ ನಿಂತಿತ್ತು. ಅದನ್ನು ತಪ್ಪಿಸಲು ಪಕ್ಕಕ್ಕೆ ತಿರುಗಿಸಿದಾಗ ಎಡಗಡೆಯ ಚಕ್ರಗಳು ಎರೆಮಣ್ಣಿನ ಅಂಚಿಗೆ ಇಳಿದು ಗಾಡಿ ಪಲ್ಟಿಯಾಯಿತು. ಜೊತೆಗಿದ್ದ ಹುಡುಗನ ಮುಂಗೈ ಮುರಿಯಿತು. ಅವನು ಗುಣವಾದನೆಂಬುದೇ ನನಗೆ ದೊಡ್ಡ ಸಮಾಧಾನ. ಕ್ಯಾಬಿನ್, ಚಾಸಿ ಮತ್ತು ಮುಂದಿನ ಆಕ್ಸಲ್ ಸೇರಿ ದುರಸ್ತಿಗೆ 3 ಲಕ್ಷ 40 ಸಾವಿರ ರೂಪಾಯಿಯ ಅಂದಾಜು ಬಂತು.

ವಿಮೆಗಾಗಿ ಹಾನಿಯನ್ನು ಪರಿಶೀಲಿಸುವ ಸರ್ವೇಯರ್ ಬಂದವರು ಗಾಡಿಯ ಸುತ್ತ ಒಂದು ಸುತ್ತು ಹಾಕಿ ಮೊದಲು ಕೇಳಿದ್ದೇ, "ಈ ಕಂಬ ಯಾವಾಗ ಕೂಡಿಸೀರ್ರಿ? ಆರ್‌ಸಿಯೊಳಗ ಇಲ್ಲಲ್ಲ?" ಎಂದು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೇಲ್ಭಾಗಕ್ಕೆ ಅಷ್ಟು ತೂಕ ಮತ್ತು ಎತ್ತರ ಸೇರಿದ್ದರಿಂದ ಗಾಡಿಯ ಸಮತೋಲನ ಬದಲಾಗಿದೆ, ಪಲ್ಟಿಯಾಗಲು ಅದೂ ಒಂದು ಕಾರಣ ಎಂದು ಅವರು ವರದಿಯಲ್ಲಿ ಬರೆದರು. ಆರು ವಾರಗಳ ನಂತರ ಬಂದ ಪತ್ರದಲ್ಲಿ ಮಾರ್ಪಾಡನ್ನು ತಿಳಿಸದಿರುವುದು, ನೋಂದಣಿ ಪತ್ರಕ್ಕೂ ವಾಹನಕ್ಕೂ ಹೊಂದಿಕೆ ಇಲ್ಲದಿರುವುದು ಎಂಬ ಎರಡು ಕಾರಣ ಕೊಟ್ಟು ಕ್ಲೇಮನ್ನು ಪೂರ್ತಿಯಾಗಿ ತಳ್ಳಿಹಾಕಲಾಗಿತ್ತು. ಸಾಲದ ಕಂತು ಮಾತ್ರ ಪ್ರತಿ ತಿಂಗಳೂ ನಿಲ್ಲದೆ ಹೋಗುತ್ತಿತ್ತು.

ಟ್ರೇಲರಿಗೆ ದೀಪ ಇಲ್ಲದ್ದೇ ಅಪಘಾತಕ್ಕೆ ಮೂಲವೆಂದು ನಾನು ಈಗಲೂ ನಂಬಿದ್ದೇನೆ. ಆದರೆ ವಿಮೆ ನಿಂತಿರುವುದು ಪರಸ್ಪರ ಪೂರ್ಣ ನಂಬಿಕೆಯ ಮೇಲೆ. ಗಾಡಿಯ ಅಪಾಯ ಎಷ್ಟೆಂದು ಕಂಪನಿ ಲೆಕ್ಕ ಹಾಕುವುದು ನಾವು ಕೊಟ್ಟ ವಿವರದಿಂದಲೇ ಆದ್ದರಿಂದ, ಸಾದಾ ಸರಕು ಸಾಗಣೆ ಗಾಡಿ ಎಂದು ಬರೆದುಕೊಟ್ಟು ಕ್ರೇನಿನಂತೆ ಬಳಸಿದರೆ ಅವರು ವಿಮೆ ಮಾಡಿದ ಗಾಡಿಯೇ ಬೇರೆ, ರಸ್ತೆಯ ಮೇಲಿರುವ ಗಾಡಿಯೇ ಬೇರೆ ಎಂದಾಗುತ್ತದೆ. 'ಥರ್ಡ್ ಪಾರ್ಟಿ ಇದೆಯಲ್ಲ' ಎಂದು ಧೈರ್ಯವಾಗಿರುವವರೂ ಇದ್ದಾರೆ. ಮೋಟರು ವಾಹನ ಕಾಯ್ದೆಯ 146ನೇ ಕಲಂ ಕಡ್ಡಾಯಗೊಳಿಸಿರುವ ಆ ವಿಮೆ ಇರುವುದು ನಮ್ಮಿಂದ ಇತರರಿಗೆ ಆಗುವ ಹಾನಿಗೆ. ನಮ್ಮ ಗಾಡಿಯ ದುರಸ್ತಿಗೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ.

ಆರ್‌ಟಿಒ ಕಚೇರಿಯ ವಿಷಯ ಇನ್ನೂ ಗಂಭೀರವಾದದ್ದು. 1988ರ ಮೋಟರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರವು ತಯಾರಕರು ಮೂಲದಲ್ಲಿ ನೀಡಿದ ವಿವರಕ್ಕಿಂತ ಬೇರೆಯಾಗುವಂತೆ ಮಾಲೀಕನು ವಾಹನವನ್ನು ಬದಲಿಸುವಂತಿಲ್ಲ. ಅನುಮತಿ ಪಡೆದು ಮಾಡಿದ ಬದಲಾವಣೆಯನ್ನೂ 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ವರದಿ ಮಾಡಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಹ ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿದೆ. ಎಲ್ಲರ ಗಾಡಿಯಲ್ಲೂ ಕಂಬ ಇದೆ ಎಂಬುದು ಕ್ಲೇಮಿನ ಮೇಜಿನ ಮುಂದೆ ಉತ್ತರವಾಗುವುದಿಲ್ಲ.

ಇಷ್ಟಕ್ಕಿಂತ ದೊಡ್ಡ ತಪ್ಪನ್ನು ನಾನು ಮಾಡಿದ್ದು ತಿರಸ್ಕಾರದ ಪತ್ರ ಬಂದ ಮೇಲೆ. ಕಂಪನಿಯ ದೂರು ವಿಭಾಗಕ್ಕೆ ಬರೆದೆ. ಅವರು ಮೊದಲಿನ ನಿರ್ಧಾರವನ್ನೇ ಎತ್ತಿಹಿಡಿದರು. ಅಲ್ಲಿಂದ ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದಿತ್ತು. ಕರ್ನಾಟಕಕ್ಕೆ ಆ ಕಚೇರಿ ಬೆಂಗಳೂರಿನಲ್ಲಿದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು. 'ಮ್ಯಾಲಿನ ಸಾಹೇಬರ ಜೋಡಿ ಮಾತಾಡೇನ್ರಿ, ಆಗತೈತಿ' ಎಂಬ ಏಜೆಂಟರ ಭರವಸೆಯಲ್ಲಿ ನಾನು 13 ತಿಂಗಳು ಕಳೆದುಬಿಟ್ಟೆ. ಉಳಿದದ್ದು ಜಿಲ್ಲಾ ಗ್ರಾಹಕ ಆಯೋಗ. ಅಲ್ಲಿಗೆ ಎರಡು ವರ್ಷದ ಅವಧಿ ಇರುವುದರಿಂದ ದೂರು ದಾಖಲಾಗಿ ವಿಚಾರಣೆ ನಡೆಯುತ್ತಿದೆ. ಪಾಲಿಸಿಯ ಷರತ್ತು ಮುರಿದ ಪ್ರಕರಣವೊಂದರಲ್ಲಿ ಕ್ಲೇಮನ್ನು ಪೂರ್ತಿ ನಿರಾಕರಿಸದೆ ಒಂದು ಭಾಗವನ್ನಾದರೂ ಕೊಡಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿರುವುದನ್ನು ನಮ್ಮ ವಕೀಲರು ಮುಂದಿಟ್ಟಿದ್ದಾರೆ. ಅದು ಬಾಡಿಗೆಗೆ ಓಡಿಸಿದ ಗಾಡಿಯ ಪ್ರಕರಣವಾದ್ದರಿಂದ ನನ್ನದಕ್ಕೆ ಅನ್ವಯಿಸಿಯೇ ತೀರುತ್ತದೆಂದು ನಾನು ಎಣಿಸಿಲ್ಲ.

ಹೊಸ ಗಾಡಿಯನ್ನು ಬೇರೆ ರೀತಿಯಲ್ಲಿ ಮಾಡಿಸಿದೆ. ಕ್ಯಾಬಿನ್ ಮತ್ತು ಚಾಸಿ ಮಾತ್ರ ಕೊಂಡು, ನೋಂದಣಿಗೆ ಮೊದಲೇ ಮಾನ್ಯತೆ ಇರುವ ಬಾಡಿ ಕಟ್ಟುವವರಿಂದ ಕಂಬದ ಸಮೇತ ಬಾಡಿ ಕಟ್ಟಿಸಿದ್ದರಿಂದ, ಆರ್‌ಸಿಯಲ್ಲೇ ಬಾಡಿಯ ಬಗೆ ಸರಿಯಾಗಿ ದಾಖಲಾಯಿತು. ನಂತರ ಕಂಪನಿಗೆ ಫೋಟೋ, ಬಿಲ್ಲು ಮತ್ತು ವಿಂಚಿನ ಸಾಮರ್ಥ್ಯದ ವಿವರ ಸೇರಿಸಿ ಪತ್ರ ಬರೆದು, ಸ್ವೀಕರಿಸಿದ ಮೊಹರು ಹಾಕಿಸಿಕೊಂಡೆ. ಹೆಚ್ಚುವರಿ ದೀಪ, ಬ್ಯಾಟರಿಗಳಂಥ ವಿದ್ಯುತ್ ಸಾಮಾನುಗಳ ಬೆಲೆಯನ್ನು ಬೇರೆಯಾಗಿ ತೋರಿಸಬೇಕು. 2002ರ ಮೋಟರ್ ಟ್ಯಾರಿಫಿನಲ್ಲಿ, ಅಂದರೆ ವಾಹನ ವಿಮೆಯ ದರಪಟ್ಟಿಯಲ್ಲಿ, ಅದಕ್ಕೆ ಬೆಲೆಯ ಶೇಕಡಾ 4ರಷ್ಟು ಪ್ರೀಮಿಯಂ ಇತ್ತು, ಅಂದರೆ 40 ಸಾವಿರದ ಸಾಮಾನಿಗೆ 1,600 ರೂಪಾಯಿ. ಕ್ರೇನ್ ಇರುವ ಗಾಡಿಗಳ ಷರತ್ತಿನಲ್ಲಿ ಇನ್ನೊಂದು ಮಾತು ಅಡಗಿರುತ್ತದೆ: ಭಾರ ಎತ್ತುವ ಕೆಲಸ ನಡೆಯುತ್ತಿರುವಾಗಲೇ ಗಾಡಿ ಪಲ್ಟಿಯಾದರೆ, ಹೆಚ್ಚಿನ ಪ್ರೀಮಿಯಂ ಕಟ್ಟಿ ಆ ರಕ್ಷಣೆಯನ್ನು ಬೇರೆಯಾಗಿ ಪಡೆಯದ ಹೊರತು ಹಣ ಸಿಗುವುದಿಲ್ಲ. ಮೋಟರ್ ಎತ್ತುವವರಿಗೆ ಇದಕ್ಕಿಂತ ಮುಖ್ಯವಾದ ಸಾಲು ಪಾಲಿಸಿಯಲ್ಲಿ ಇನ್ನೊಂದಿಲ್ಲ. ದಯವಿಟ್ಟು ಪಲ್ಟಿಯ ಈ ರಕ್ಷಣೆಯನ್ನು ಹೆಸರಿಟ್ಟು ಕೇಳಿರಿ. ರೈತರ ಮೋಟರ್, ಪೈಪು ನಮ್ಮ ಗಾಡಿಯಲ್ಲಿದ್ದಾಗ ಹಾಳಾದರೆ ಅದೂ ಗಾಡಿಯ ಪಾಲಿಸಿಗೆ ಸೇರುವುದಿಲ್ಲ.

ಬದಲಾವಣೆಯನ್ನು ಪಾಲಿಸಿಗೆ ಸೇರಿಸಿ ಕಂಪನಿ ಕಳಿಸುವ ಎಂಡೋರ್ಸ್‌ಮೆಂಟ್ ಪುಟ ಕೈಗೆ ಬಂದಾಗ ಅದನ್ನು ಆರ್‌ಸಿಯ ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಓದಿರಿ. ನನಗೆ ಬಂದ ಪುಟದಲ್ಲಿ ಚಾಸಿ ಸಂಖ್ಯೆಯ ಒಂದು ಅಂಕಿ ತಪ್ಪಾಗಿ ಮುದ್ರಣವಾಗಿತ್ತು. ಅದನ್ನು ಹಿಂತಿರುಗಿಸಿ ಸರಿಯಾದ ಪ್ರತಿ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನವೂ ಗಾಡಿಯನ್ನು ಹೊರಗೆ ತೆಗೆಯದೆ, ಕರೆದ ರೈತರಿಗೆ ಕೈಮುಗಿದು ಬೇರೆಯವರ ನಂಬರ್ ಕೊಟ್ಟೆ.