ವರ್ಷವಿಡೀ ಕೇಳಿದ ಮೇಲೆ: ಕನ್ನಡ ಆಡಿಯೊ ಪುಸ್ತಕದ ಆ್ಯಪ್

ಸೀರೆಗೆ ಕುಚ್ಚು ಕಟ್ಟೋದು ನನ್ನ ಕಸುಬು. ಕಣ್ಣು, ಕೈ ಎರಡೂ ಸೆರಗಿನ ಮೇಲೆ, ಕಿವಿ ಮಾತ್ರ ಖಾಲಿ. ಟಿವಿ ಹಾಕಿದರೆ ತಲೆ ಎತ್ತಬೇಕಾಗುತ್ತೆ, ಅಷ್ಟರಲ್ಲಿ ದಾರ ಸಿಕ್ಕಾಗಿರುತ್ತೆ. ಅದಕ್ಕೇ ಆಡಿಯೊ ಪುಸ್ತಕದ ಆ್ಯಪ್ ಒಂದಕ್ಕೆ ವರ್ಷದ ಚಂದಾ ಕಟ್ಟಿದೆ. ನನ್ನ ಲೆಕ್ಕದಲ್ಲಿ ಅದು ಎರಡು ಸೀರೆಯ ಕ್ರೋಶೆ ಕುಚ್ಚಿನ ಮಜೂರಿ. ಮಿಕ್ಕ ವಿವರ ಎಲ್ಲರೂ ಬರೆದಿದ್ದಾರೆ, ಬಿಡಿ.

ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಕಿಟಕಿ ಪಕ್ಕ ಕೂರ್ತೀನಿ. ಮಣಿ ಡಬ್ಬಿಗೆ ಫೋನ್ ಒರಗಿಸಿ, ಸೆರಗಿನ ಎಳೆ ಸಮ ಮಾಡಿ, ಸೂಜಿಗೆ ರೇಷ್ಮೆ ದಾರ ಪೋಣಿಸಿದ ಮೇಲೇ ಪ್ಲೇ ಒತ್ತೋದು. ಇಯರ್‌ಫೋನ್ ಒಂದೇ ಕಿವಿಗೆ. ಇನ್ನೊಂದು ಗೇಟಿನ ಸದ್ದಿಗೆ ಬೇಕು, ಗಿರಾಕಿ ಬಂದರೆ ಗೊತ್ತಾಗಬೇಕಲ್ಲ!

ಮೊದಲು ಕೇಳಿದ್ದು ಚಿತ್ರದುರ್ಗದ ನಾಯಕರ ಮೇಲಿನ ಕಾದಂಬರಿ. ನಾವು ದಾವಣಗೆರೆಯವರು, ದುರ್ಗ ಪಕ್ಕದ್ದೇ. ಕೋಟೆ ಹತ್ತಿಳಿದಿದ್ದೀವಿ, 1779ರಲ್ಲಿ ಹೈದರಾಲಿ ಅದನ್ನು ಗೆದ್ದುಕೊಂಡದ್ದೂ ಗೊತ್ತು. ಆದರೂ ಓದಿದವರ ದನಿಗೆ ಕಟ್ಟುಬಿದ್ದೆ. ಕಿಂಡಿಯ ಹತ್ತಿರ ಓಬವ್ವ ಒನಕೆ ಎತ್ತೋ ಜಾಗದಲ್ಲಿ ಅವರು ಅಬ್ಬರಿಸಲೇ ಇಲ್ಲ. ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ಸುಮ್ಮನೆ ನಿಂತರು. ಸಿನಿಮಾ ನೋಡಿ ಬೆಳೆದ ನನಗೆ ಇದು ಹೊಸದು. ಗಂಟು ಹಾಕೋದು ಬಿಟ್ಟು ಕೂತಿದ್ದೆ. ಒಂದೇ ತಾಪತ್ರಯ: ಆ ವಂಶದಲ್ಲಿ ಮದಕರಿ ನಾಯಕರು ಒಬ್ಬರಲ್ಲ, ಕಸ್ತೂರಿ ರಂಗಪ್ಪ ನಾಯಕರೂ ಒಬ್ಬರಲ್ಲ. ಪುಸ್ತಕವಾದರೆ ಹಿಂದಿನ ಪುಟ ತಿರುವಿ ನೋಡಬಹುದು. ಇಲ್ಲಿ ಯಾರ ಮಗ ಯಾರು ಅಂತ ನಾನೇ ಹಳೇ ಕ್ಯಾಲೆಂಡರ್ ಹಿಂದೆ ಬರೆದಿಟ್ಟುಕೊಂಡೆ.

ಇಷ್ಟಕ್ಕೇ ನಿಂತಿದ್ದರೆ ಐದು ನಕ್ಷತ್ರ ಕೊಡ್ತಿದ್ದೆ. ಈಚೆಗೆ 'ಹೊಸದು' ಅಂತ ಬರೋ ಇತಿಹಾಸದ ಪುಸ್ತಕಗಳನ್ನು ಯಂತ್ರದ ಕೈಲಿ ಓದಿಸ್ತಿದ್ದಾರೆ. ಬಾದಾಮಿ ಚಾಲುಕ್ಯರ ಪುಸ್ತಕ ಹಾಕಿದೆ. ಐಹೊಳೆಯ ಮೇಗುತಿ ಬಸದಿ, ರವಿಕೀರ್ತಿಯ ಶಾಸನ, ಎಲ್ಲಾ ಚೆನ್ನಾಗೇ ಬಂತು. ಆಮೇಲೆ ಇಸವಿ: 'ಕ್ರಿ, ಶ, ಆರು ಮೂರು ನಾಲ್ಕು'. ಪಿನ್‌ಕೋಡ್ ಹೇಳಿದ ಹಾಗೆ! ಪುಲಕೇಶಿ ಹರ್ಷನನ್ನು ತಡೆದ ವಾಕ್ಯದ ನಟ್ಟನಡುವೆ 'ಅಡಿಟಿಪ್ಪಣಿ ಹದಿನೇಳು'.

ಅದನ್ನೂ ನುಂಗಿಕೊಂಡೆ. ಕಪ್ಪೆ ಅರಭಟ್ಟನ ಶಾಸನ ಬಂದಾಗ ಮಾತ್ರ ತಡೆಯಲಾಗಲಿಲ್ಲ. 'ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ', ಸುಮಾರು ಕ್ರಿ.ಶ. 700ರದ್ದು, ಕನ್ನಡದ ತುಂಬಾ ಹಳೆಯ ತ್ರಿಪದಿ. ನಮ್ಮಜ್ಜಿ ಬೀಸೋ ಕಲ್ಲಿನ ಮುಂದೆ ಹಾಡ್ತಿದ್ದದ್ದೂ ತ್ರಿಪದಿಯೇ. ಎರಡನೇ ಸಾಲನ್ನು ಮತ್ತೆ ಹಿಡಿದು, ಎಳೆದು, ಆಮೇಲೆ ಮೂರನೇ ಸಾಲಿಗೆ ಬರೋಳು. ಯಂತ್ರ ಮೂರೂ ಸಾಲನ್ನು ಒಂದೇ ಉಸಿರಲ್ಲಿ, ಬಸ್ ನಿಲ್ದಾಣದ ಪ್ರಕಟಣೆ ಥರ ಓದಿ ಮುಂದಿನ ಪ್ಯಾರಾಕ್ಕೆ ಹೋಯಿತು. ಕಲ್ಲಿಗೆ ಕೊರೆಸಿದವನು ಬದುಕಿದ್ದರೆ ಚಂದಾ ವಾಪಸ್ ಕೇಳ್ತಿದ್ದ.

ಕಸ್ಟಮರ್ ಕೇರ್‌ಗೆ ಬರೆದೆ. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಅಂತ ಉತ್ತರ ಬಂತು, ಬಹುಶಃ ಅದೂ ಯಂತ್ರದ್ದೇ. ಓದಿದವರಿಗೆ ಕೊಡೋ ಸಂಭಾವನೆ ಉಳಿಸ್ತಾರೆ ಅಂದರೆ ಚಂದಾನಾದರೂ ಇಳಿಸಬೇಕಿತ್ತು. ಇಳಿಸಿಲ್ಲ.

ಪೂರ್ತಿ ಬಿಡೋಕೂ ಆಗಲ್ಲ. ಮದುವೆ ಸೀಸನ್ ಶುರುವಾದರೆ ರಾತ್ರಿ ಹನ್ನೊಂದರ ತನಕ ಕೂರಬೇಕು, ಕಿವಿಗೆ ಏನಾದರೂ ಬೇಕೇ ಬೇಕು. ಇನ್ನು ತಿಂಗಳ ಲೆಕ್ಕದಲ್ಲಿ ಕಟ್ಟಿ, ಓದಿದವರ ಹೆಸರು ಹಾಕಿರೋ ಕಾದಂಬರಿಗಳನ್ನಷ್ಟೇ ಕೇಳ್ತೀನಿ. ಇತಿಹಾಸದ ಪುಸ್ತಕಗಳನ್ನು ಲೈಬ್ರರಿಯಿಂದ ತರಿಸ್ಕೋತೀನಿ. ನೀವು ತಗೊಳ್ಳೋದಾದರೆ ಸ್ಯಾಂಪಲ್‌ನ ಮೊದಲ ನಿಮಿಷ ಕೇಳಿ ಮರುಳಾಗಬೇಡಿ, ಮುನ್ನುಡಿಯನ್ನು ಯಂತ್ರವೂ ಸೊಗಸಾಗೇ ಓದುತ್ತೆ. ಒಂದು ಇಸವಿ ಬರೋ ತನಕ ಕಾಯಿರಿ.