ಮನೆ ಆರೈಕೆಗೆ ಏಜೆನ್ಸಿಯೋ, ನೇರ ನೇಮಕವೋ?

ಬೆಂಗಳೂರಿನಲ್ಲಿ ಹಾಸಿಗೆ ಹಿಡಿದ ಹಿರಿಯರಿಗೆ ಆರೈಕೆಯವರನ್ನು ಹುಡುಕುವವರಿಗೆ ದಾರಿ ಎರಡು. ಏಜೆನ್ಸಿಯಾದರೆ ಒಬ್ಬರು ರಜೆ ಹಾಕಿದರೂ ಬದಲಿಯವರನ್ನು ಕೇಳಬಹುದು. 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ, ತಿಂಗಳ ವೇತನ 21,000 ರೂಪಾಯಿ ಮೀರದವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಸಲ್ಲಬೇಕು. ಆದರೆ ನೀವು ಕೊಟ್ಟ ಹಣದಲ್ಲಿ ಆರೈಕೆಯವರ ಕೈಗೆ ಸೇರುವುದೆಷ್ಟು? ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಇದನ್ನು ಕೇಳಲೇಬೇಕು.

ನೇರ ನೇಮಕದಲ್ಲಿ ಪೂರ್ತಿ ಸಂಬಳ ಅವರದೇ. ಮನೆಗೆಲಸದವರಿಗೆ ಕರ್ನಾಟಕ 2004ರಲ್ಲೇ ಕನಿಷ್ಠ ವೇತನ ಗೊತ್ತುಪಡಿಸಿದೆ. ವಾರದ ರಜೆ, ಬದಲಿ ವ್ಯವಸ್ಥೆ ನಿಮ್ಮ ಹೊಣೆ.

ರಾತ್ರಿಯೆಲ್ಲ ಎದ್ದೆದ್ದು ಡಯಾಪರ್ ಬದಲಿಸಿ, ಮಗ್ಗುಲು ತಿರುಗಿಸಿದವರಿಗೆ ಹಗಲು ನಿದ್ದೆ ಬೇಡವೇ? ಅಂಥ ರೋಗಿಯಿದ್ದರೆ 12 ಗಂಟೆಯ ಎರಡು ಪಾಳಿಗೆ ಜನ ಕೊಡುವ ಏಜೆನ್ಸಿಯೇ ಮೇಲು. ರಾತ್ರಿ ನೆಮ್ಮದಿಯಾಗಿ ಮಲಗುವ ಹಿರಿಯರಿಗಾದರೆ ನನ್ನ ಆಯ್ಕೆ ನೇರ ನೇಮಕ.